ಕಳಕಮ್ಮನ ಹಾಜರಿ

ಕುಕನೂರಿನ ಹಿಟ್ಟಿನ ಗಿರಣಿ ಕೊಟ್ರಪ್ಪನಿಗೆ ಹೆಂಡತಿಯ ಮೇಲೆ ಅಧಿಕಾರ ಸಿಕ್ಕಿದ್ದು ಮದುವೆಯಾಗಿ, ಮಗಳು ಹುಟ್ಟಿ, ಆ ಮಗಳು ಗದಗಿಗೆ ನರ್ಸಿಂಗ್ ಓದಲು ಹೋದ ಮೇಲೆ. ತಡವಾಗಿ ಸಿಕ್ಕರೂ ಗಟ್ಟಿಯಾದದ್ದೇ ಸಿಕ್ಕಿತು. ಬಾಜಾಭಜಂತ್ರಿ, ತಾಳಿ, ಅಕ್ಕಿಕಾಳು, ಎರಡೂ ಕಡೆಯ ಬೀಗರು ಎಲ್ಲ ಸೇರಿ ಕೊಡಲಾಗದಿದ್ದ ಅಧಿಕಾರವನ್ನು ಒಂದು ವಿಶ್ವವಿದ್ಯಾಲಯ ಅವನ ಮೊಬೈಲಿಗೇ ಕಳಿಸಿಕೊಟ್ಟಿತು. ಅವನೀಗ ತನ್ನ ಹೆಂಡತಿ ಶೈಲಜಾಳ ‘ಕಾರ್ಯಕ್ಷೇತ್ರ ಮಾರ್ಗದರ್ಶಕರು’. (ಆ ಕೊನೆಯ ‘ರು’ ಅವನಿಗೆ ಬಹಳ ಹಿಡಿಸಿತ್ತು.)

ಆದದ್ದು ಇಷ್ಟು. ಶೈಲಜಾ ಪಿಯುಸಿಯಲ್ಲಿ ವಿಜ್ಞಾನ ಓದಿ ಒಳ್ಳೆಯ ಅಂಕ ತೆಗೆದವಳು. ಫಲಿತಾಂಶ ಬಂದ ವಾರವೇ ಕೊಟ್ರಪ್ಪನ ಕಡೆಯವರು ಹೆಣ್ಣು ನೋಡಲು ಬಂದರು. ಓದು ಅಲ್ಲಿಗೆ ನಿಂತಿತು. ಅದರ ಬಗ್ಗೆ ಅವಳು ಎಂದೂ ಗೊಣಗಿದವಳಲ್ಲ. ಆದರೆ ಮಗಳು ಐಶ್ವರ್ಯ ಹಾಸ್ಟೆಲಿಗೆ ಹೋಗಿ ಮನೆಯಲ್ಲಿ ಎರಡೇ ತಾಟು, ಎರಡೇ ಚರಿಗೆ ಉಳಿದ ಮೇಲೆ, ಒಂದು ದಿನ ರೊಟ್ಟಿ ಬಡಿಯುತ್ತ ಸುದ್ದಿ ಹೊರಗೆ ಹಾಕಿದಳು.

“ನಾ ಮೊಬೈಲ್ ಆ್ಯಪ್ ಮಾಡೋದು ಕಲೀತೀನ್ರಿ.”

“ಇರೋ ಆ್ಯಪಿಗೇ ನನ್ನ ಫೋನ್ ಕಾದ ಹಂಚಾಗ್ತೈತಿ. ಮತ್ತೊಂದ್ಯಾಕ?”

“ಡಿಪ್ಲೊಮಾ ಐತ್ರಿ. ಅರ್ಧ ಯುನಿವರ್ಸಿಟಿ ಪಾಠ, ಅರ್ಧ ಕೆಲಸದ ಜಾಗಾದಾಗ ಕಲಿಯೂದು. ಸಂಜಿಮುಂದ ಮೊಬೈಲ್‌ನ್ಯಾಗ ಕ್ಲಾಸು, ನಡುನಡುವ ಭಾನುವಾರ ಕೊಪ್ಪಳಕ್ಕ ಹೋಗಬೇಕು. ಉಳಿದ ದಿನ ಎಲ್ಲ್ಯಾರ ಒಂದು ಕಡಿ ಕೆಲಸಕ್ಕ ನಿಂತು, ಅಲ್ಲಿ ಖರೇ ಇರೋ ತ್ರಾಸಿಗೆ ಆ್ಯಪ್ ಕಟ್ಟಬೇಕು.”

“ಎಲ್ಲಿ ನಿಲ್ಲಾಕಿ?”

“ತ್ರಾಸು ಹುಡುಕ್ಕೊಂಡು ದೂರ ಯಾಕ ಹೋಗ್ಲ್ರಿ? ನಮ್ಮ ಗಿರಣ್ಯಾಗ ಬೇಕಾದಷ್ಟೈತಿ.”

ಅದು ಸುಳ್ಳಲ್ಲ. ಬೆಳಿಗ್ಗೆ ಹೆಂಗಸರು ಜೋಳದ ಡಬ್ಬಿಗಳನ್ನು ತಂದು ಸಾಲಾಗಿ ಇಟ್ಟು ಹೋಗುತ್ತಾರೆ. ಆಮೇಲೆ ಕರೆಂಟು ಹೋಗುತ್ತದೆ. ಕರೆಂಟು ಬಂದಿತೇ ಎಂದು ನೋಡಲು ಒಬ್ಬೊಬ್ಬರೇ ಬಿಸಿಲಲ್ಲಿ ಬಂದು ವಾಪಸ್ಸು ಹೋಗುತ್ತಾರೆ. ಅಷ್ಟರಲ್ಲಿ ಹಿಂದಿದ್ದ ಡಬ್ಬಿ ತನ್ನಷ್ಟಕ್ಕೆ ತಾನೇ ಮುಂದೆ ಬಂದಿರುತ್ತದೆ (ಡಬ್ಬಿಗೆ ಕಾಲಿಲ್ಲ, ಆದರೆ ಡಬ್ಬಿಯ ಒಡತಿಗೆ ಕಾಲೂ ಇದೆ, ತಂಗಿಯೂ ಇದ್ದಾಳೆ). ಆಮೇಲೆ ಜಗಳ. ಯಾರ ಪಾಳಿ ಈಗ, ಕರೆಂಟು ಇದೆಯೋ ಇಲ್ಲವೋ, ಯಾರ ಹಿಟ್ಟು ಆಯಿತು ಎಂದು ಮನೆಯಲ್ಲಿರುವವರ ಫೋನಿಗೇ ಕೂಗಿ ಹೇಳುವ ಆ್ಯಪ್ ಕಟ್ಟುವುದೆಂದು ಶೈಲಜಾ ನಿಶ್ಚಯಿಸಿ, ಅದಕ್ಕೆ ‘ಪಾಳಿ’ ಎಂದೇ ಹೆಸರಿಟ್ಟಳು.

ಆ್ಯಪ್ ಕಟ್ಟುವುದನ್ನು ಕಲಿಸುವವರು ವಿಶ್ವವಿದ್ಯಾಲಯದವರು. ಕೆಲಸದ ಜಾಗದ ಮಾರ್ಗದರ್ಶಕರಿಗೆ, ಅಂದರೆ ಗಿರಣಿಯ ಯಜಮಾನನಿಗೆ, ಇದ್ದದ್ದು ಒಂದೇ ಕೆಲಸ: ವಾರಕ್ಕೊಮ್ಮೆ ತಮ್ಮ ಫೋನಿನಲ್ಲಿ ‘ವಿದ್ಯಾರ್ಥಿನಿ ಹಾಜರಿದ್ದಾರೆ’ ಎಂಬ ಹಸಿರು ಗುಂಡಿ ಒತ್ತುವುದು. ಅದರ ಮೇಲೆ ಇಂಗ್ಲಿಷಿನಲ್ಲಿ ಹೆಸರು, ನಂಬರು, ಏನೇನೋ ಇರುತ್ತಿತ್ತು. ಕೊಟ್ರಪ್ಪ ಅದನ್ನು ಓದುತ್ತಿರಲಿಲ್ಲ. ದೊಡ್ಡ ಅಧಿಕಾರಿಗಳು ಮೇಲಿನದನ್ನು ಓದುವುದಿಲ್ಲ, ಕೆಳಗೆ ಒತ್ತುತ್ತಾರೆ ಎಂಬುದು ಅವನ ತಿಳಿವಳಿಕೆ.

ಸೇರುವ ದಿನ ಶೈಲಜಾ ಒಂದು ಮಾತು ಹೇಳಿದ್ದಳು. “ನನ್ನ ಸಾಲಿ ಹೆಸರ್ಲೆನ ಸೇರೀನ್ರಿ, ಗೊತ್ತಿರ್ಲಿ.” ಕೊಟ್ರಪ್ಪ ಆಗ ಗಿರಣಿಯ ಬೆಲ್ಟಿನ ಪಟ್ಟಾಕ್ಕೆ ಕಿವಿ ಕೊಟ್ಟು, ಅದು ಎಲ್ಲಿ ಕಿರುಗುಟ್ಟುತ್ತಿದೆ ಎಂದು ನೋಡುತ್ತಿದ್ದ. ಹೆಂಡತಿಗೆ ಉಳಿದ ಕಿವಿಯಿಂದ “ಹೂಂ” ಅಂದ.

ಈ ಸಾಲಿ ಹೆಸರಿನ, ಅಂದರೆ ಶಾಲೆಯಲ್ಲಿದ್ದ ಹೆಸರಿನ, ಸಂಗತಿ ಇಲ್ಲೇ ಹೇಳಿಬಿಡಬೇಕು. ಕೊಟ್ರಪ್ಪನ ತಾಯಿಯ ಹೆಸರು ಕಳಕಮ್ಮ. ಗಂಡ ಹೋದ ಮೇಲೆ ಗಿರಣಿಯನ್ನೂ ಮಗನನ್ನೂ ಒಟ್ಟಿಗೇ ಸಾಕಿದ ಹೆಂಗಸು. ಗಿರಣಿಯ ಹಿಂದೆಯೇ ಮನೆ. ಬಾಗಿಲಲ್ಲೇ ಆಕೆಯ ಆಸನ. ಮಗ ಹೊಸ್ತಿಲಿಗೆ ಬಂದನೆಂದರೆ ಒಂದೇ ಮಾತು: “ಹಿಟ್ಟು ಝಾಡಿಸ್ಕೊಂಡು ಒಳಗ ಬಾ.” ಝಾಡಿಸಿಕೊಂಡರೂ ಬಿಡುತ್ತಿರಲಿಲ್ಲ. “ಕಿವಿ ಹಿಂದ?” ಎಂದು ಕೇಳುತ್ತಿದ್ದಳು. ಅವನ ಮೀಸೆ ನೆರೆಯಲು ಶುರುವಾದ ಮೇಲೂ ಕೇಳುತ್ತಿದ್ದಳು.

ಮಗನಿಗೆ ಗೊತ್ತು ಮಾಡಿದ ಹುಡುಗಿಯ ಹೆಸರೂ ಕಳಕಮ್ಮನೇ ಆಗಿತ್ತು. ಅತ್ತೆ ಒಪ್ಪಲಿಲ್ಲ. “ಒಂದ ಮನ್ಯಾಗ ಇಬ್ಬರು ಕಳಕಮ್ಮ ಹೆಂಗ? ನಾಳೆ ನನ್ನ ಮಗ ಹೆಂಡ್ತಿ ಮ್ಯಾಲ ಜೋರ ಮಾಡಬೇಕಂದ್ರ ಬಾಯಿ ಬರೂದಿಲ್ಲ ಅವಗ. ಪಾಪ, ಆ ಹೆಸರಿಗೆ ಎದುರ ಮಾತಾಡಿ ರೂಢಿನ ಇಲ್ಲ” ಅಂದಳು. ತಾಟಿನ ಅಕ್ಕಿಯಲ್ಲಿ ಉಂಗುರದಿಂದ ‘ಶೈಲಜಾ’ ಎಂದು ಬರೆಸಿ, ಕಳಕಮ್ಮನನ್ನು ಶೈಲಜಾ ಮಾಡಿ ಮನೆ ತುಂಬಿಸಿಕೊಂಡರು. ಆ ಹೆಸರು ಹೇಳಲು ಅತ್ತೆಗೇ ನಾಲಗೆ ತಿರುಗಲಿಲ್ಲ. ಕೊನೆಯತನಕ ಸೊಸೆಯನ್ನು ಅಕ್ಕರೆಯಿಂದ “ಸೈಲಿ” ಎಂದೇ ಕರೆದಳು. ಕೆಲವು ವರ್ಷಗಳ ಹಿಂದೆ, ಒಂದು ಶ್ರಾವಣದಲ್ಲಿ, ಆಕೆ ಶಿವಾಧೀನಳಾದಳು. ಸೊಸೆಯ ಮೊದಲಿನ ಹೆಸರನ್ನು ಅಷ್ಟರಲ್ಲಿ ಊರೂ ಮರೆತಿತ್ತು, ಗಂಡನೂ ಮರೆತಿದ್ದ. ಮರೆಯದೇ ಇದ್ದದ್ದು ಅವಳ ಸಾಲಿಯ ಅಂಕಪಟ್ಟಿ ಮಾತ್ರ.

ಸರಿ, ಮಾರ್ಗದರ್ಶಕರ ಆಳ್ವಿಕೆ ಶುರುವಾಯಿತು. ಗಿರಣಿಗೆ ಕೈಯಿರುವ ಖುರ್ಚಿ ಬಂತು. ಹಿಟ್ಟಿನ ಹುಡಿಯಲ್ಲೂ ತಲೆ ಬಾಚಿಕೊಳ್ಳುವ ಅಭ್ಯಾಸ ಬಂತು. “ವಿದ್ಯಾರ್ಥಿನಿ, ಒಂದು ಚಾ” ಎಂದು ಕೂಗುವಷ್ಟರ ಮಟ್ಟಿಗೆ ಕೊಟ್ರಪ್ಪ ಮುಂದುವರಿದ. ಶೈಲಜಾ ಲ್ಯಾಪ್‌ಟಾಪಿನ ಮೇಲೆ ಒಂದು ದುಪಟ್ಟಾ ಹೊದೆಸಿ, ಗೋಧಿ ಚೀಲಗಳ ನಡುವೆ ಕೂತು, ಎರಡು ವರ್ಷ ಕಲಿತಳು. ಸಾಲುಸಾಲು ಬರೆದು, ಒಂದು ಚುಕ್ಕಿ ತಪ್ಪಿ ಎಲ್ಲ ಕೆಟ್ಟು, ಮತ್ತೆ ಬರೆದಳು. ಅವಳು ಹಾಗೆ ತುಟಿ ಕಚ್ಚಿಕೊಂಡು ಕೂತಿರುವಾಗ ಕೊಟ್ರಪ್ಪ ಕದ್ದು ನೋಡುತ್ತಿದ್ದ. ಅವಳು ಇಷ್ಟು ಚೆಲುವೆ ಎಂಬುದು ಅವನಿಗೆ ಇಷ್ಟು ವರ್ಷ ಗಮನಕ್ಕೇ ಬಂದಿರಲಿಲ್ಲ. ಇದನ್ನು ಅವನು ಅವಳಿಗೆ ಹೇಳಲಿಲ್ಲ. ಮಾರ್ಗದರ್ಶಕರು ಹಾಗೆಲ್ಲ ಹೇಳುವಂತಿಲ್ಲ.

ಕೊನೆಯ ಪರೀಕ್ಷೆ ಎಂದರೆ ಪ್ರಾಧ್ಯಾಪಕರು ಖುದ್ದು ಗಿರಣಿಗೇ ಬಂದು, ನಿಜವಾದ ಗಿರಾಕಿಗಳು ಆ್ಯಪ್ ಬಳಸುವುದನ್ನು ನೋಡುವುದು. ಅದಕ್ಕೆ ಮೊದಲು ಗಿರಾಕಿಗಳನ್ನು ಸೇರಿಸಬೇಕಲ್ಲ? ಆ ಹೊಣೆಯನ್ನು ಮಾರ್ಗದರ್ಶಕರು ತಾವೇ ಮೈಮೇಲೆ ಎಳೆದುಕೊಂಡರು. ಆ್ಯಪ್ ‘ಮನೆಯ ಯಜಮಾನರ ಹೆಸರು’ ಕೇಳುತ್ತಿತ್ತು. ಕೊಟ್ರಪ್ಪ ಖುರ್ಚಿಯಲ್ಲಿ ಕೂತು ಒಬ್ಬೊಬ್ಬ ಹೆಂಗಸನ್ನೂ ಕೇಳುತ್ತ, ಅವರು ಹೇಳಿದ್ದನ್ನು ಹೇಳಿದ ಹಾಗೆಯೇ ತುಂಬಿಸಿದ.

ಸಂಜೆ ಶೈಲಜಾ ಪರೀಕ್ಷಿಸಲು ಗುಂಡಿ ಒತ್ತಿದಳು. ಆ್ಯಪ್ ಗಟ್ಟಿ ದನಿಯಲ್ಲಿ ಸಾರಿತು: “ನಮ್ಮ ಮನಿಯವರೇ, ನಿಮ್ಮ ಹಿಟ್ಟು ಸಿದ್ಧವಾಗಿದೆ.”

ಕಟ್ಟೆಯ ಮೇಲೆ ಕೂತಿದ್ದ ಅಷ್ಟೂ ಹೆಂಗಸರು ಒಟ್ಟಿಗೇ ಎದ್ದರು. ಎಲ್ಲರೂ ಬಂದು ಒಂದೇ ಡಬ್ಬಿಗೆ ಕೈ ಹಾಕಿದರು. ಗಂಡನ ಹೆಸರನ್ನು ಬಾಯಿಂದ ಆಡದ ಊರಿನಲ್ಲಿ ಪ್ರತಿಯೊಬ್ಬಳೂ “ನಮ್ಮ ಮನಿಯವ್ರು” ಎಂದೇ ಬರೆಸಿದ್ದಳು. ಕರಿಯವ್ವನೊಬ್ಬಳು ಮಾತ್ರ “ಅವ್ರ್ ಅದಾರಲ್ರಿ, ಅವ್ರ” ಅಂದಿದ್ದಳು. ಕೊಟ್ರಪ್ಪ ಅದನ್ನೂ ಹಾಗೆಯೇ ಬರೆದಿದ್ದ.

ತಪ್ಪು ಯಾರದ್ದು? ಮಾರ್ಗದರ್ಶಕರದ್ದಂತೂ ಆಗಿರಲು ಸಾಧ್ಯವಿಲ್ಲ. ಕೊಟ್ರಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ.

“‘ನಮ್ಮ ಮನಿಯವ್ರು’ ಅಂತ ಊರಾಗ ಎಲ್ಲಾರ ಮನ್ಯಾಗೂ ಒಬ್ಬಾವ ಇರ್ತಾನ! ಕಟ್ಕೊಂಡ ಗಂಡನ ಹೆಸರ ಹೇಳಾಕ ಏನು ಧಾಡಿ ನಿಮಗ?”

ತಾಜಬೀ ತನ್ನ ಡಬ್ಬಿಯನ್ನು ಬಿಡಿಸಿಕೊಂಡು ಸೊಂಟಕ್ಕೆ ಏರಿಸಿದಳು. “ನಗ್ರಿ ಯಜಮಾನ್ರ, ನಗ್ರಿ. ನಿಮಗೂ ಒಂದು ವಖತ್ ಬರ್ತೈತಿ.”

ಶೈಲಜಾ ನಗಲಿಲ್ಲ. ಕಟ್ಟೆಯ ಮೇಲಿದ್ದ ಹೆಂಗಸರ ಮುಖಗಳನ್ನು ಒಂದೊಂದಾಗಿ ನೋಡಿ, ಏನೋ ಹೊಳೆದವಳಂತೆ ಲ್ಯಾಪ್‌ಟಾಪ್ ಎತ್ತಿಕೊಂಡು ಒಳಗೆ ಹೋದಳು.

ಆ ವಾರ ಕೊಟ್ರಪ್ಪ ಹಾಜರಿ ಒತ್ತಲಿಲ್ಲ. ಯಾಕೆಂದರೆ, ನಡುವೆ ಹೀಗೊಂದು ಮಾತುಕತೆಯಾಗಿತ್ತು.

“ಹಾಜರಿ ಒತ್ರಿ, ವಾರ ಆತು.”

“ಮಾರ್ಗದರ್ಶಕರಿಗೆ ಹಂಗ ಕೇಳ್ತಾರೇನು? ‘ಸರ್, ದಯವಿಟ್ಟು ಹಾಜರಿ ಕೊಡ್ರಿ’ ಅನ್ನು.”

“ಅಂತೀನಿ ಬೇಕಾದ್ರ. ಆದ್ರ ಸರ್‌ಗೆ ನಾ ರೊಟ್ಟಿ ಬಡ್ಯೂದಿಲ್ಲ. ನಮ್ಮ ಕ್ಲಾಸಿನ್ಯಾಗ ಯಾರೂ ಸರ್‌ಗೆ ರೊಟ್ಟಿ ಬಡ್ಯೂದಿಲ್ಲ, ನೋಡ್ರಿ.”

ಅವನು ಒತ್ತಲಿಲ್ಲ. ಅವಳು ಮತ್ತೆ ಕೇಳಲಿಲ್ಲ. ಇಬ್ಬರೂ ಒಳ್ಳೆಯವರೇ, ಆದರೆ ಹಟದಲ್ಲಿ ಒಬ್ಬರಿಗಿಂತ ಒಬ್ಬರು ಒಂದು ಕೈ ಮೇಲೆ. ಹೀಗೆ ಕೆಲವು ವಾರ ಹಸಿರು ಗುಂಡಿ ಒತ್ತುವವರಿಲ್ಲದೆ ಬಿದ್ದಿತ್ತು.

ಪ್ರಾಧ್ಯಾಪಕರು ಬರುವ ಹಿಂದಿನ ದಿನ ಕೊಟ್ರಪ್ಪನ ಫೋನ್ ರಿಂಗಾಯಿತು. ಶ್ರಾವಣ ಮುಗಿದು ಇನ್ನೂ ತಿಂಗಳಾಗಿರಲಿಲ್ಲ. ಶೈಲಜಾ ಒಳಗೆ ಅಡುಗೆ ಮಾಡುತ್ತಿದ್ದಳು. ಇವನು ಗೋಧಿ ಸುರಿಯುತ್ತಲೇ ಫೋನ್ ಎತ್ತಿದ. ಆ ಕಡೆ ಒಂದು ಹುಡುಗಿಯ ದನಿ.

“ಕೊಟ್ರಪ್ಪ ಅವರಾ ಸರ್? ಕಳಕಮ್ಮ ಅವರ ಹಾಜರಿ ಕೆಲವು ವಾರದಿಂದ ಬಂದಿಲ್ಲ. ಅದಕ್ಕೆ ವಿಚಾರಿಸೋಣ ಅಂತ ಫೋನ್ ಮಾಡ್ದೆ.”

ಕೊಟ್ರಪ್ಪನ ನೆತ್ತಿಗೇರಿತು. ತಾಯಿ ಹೋಗಿ ಇಷ್ಟು ವರ್ಷವಾದರೂ ಬ್ಯಾಂಕು, ಪಿಂಚಣಿ ಎಂದು ಯಾವ ಯಾವುದೋ ಕಚೇರಿಯವರು, ಕಳಕಮ್ಮನವರು ಖುದ್ದು ಹಾಜರಾಗಿ ತಾವು ಬದುಕಿರುವುದನ್ನು ತೋರಿಸಬೇಕು ಎಂದು ಫೋನ್ ಮಾಡುವುದನ್ನು ಬಿಟ್ಟಿರಲಿಲ್ಲ. ಪ್ರತಿ ಸಲವೂ ಅವನು ತಾಯಿಯ ಸಾವನ್ನು ಹೊಸದಾಗಿ ಹೇಳಬೇಕು. ಪ್ರತಿ ಸಲವೂ ಎದೆಯೊಳಗೆ ಏನೋ ಕಿತ್ತಂತಾಗುತ್ತಿತ್ತು.

“ಎಷ್ಟ ಸರ್ತೆ ಹೇಳಬೇಕ್ರಿ ನಿಮಗ? ಕಳಕಮ್ಮ ಶಿವಾಧೀನ ಆಗ್ಯಾರ.”

“ಏನಾಗಿದ್ದಾರೆ ಸರ್?”

“ತೀರಿಕೊಂಡಾರವ್ವಾ, ತೀರಿಕೊಂಡಾರ! ಶ್ರಾವಣದಾಗ!”

(ಯಾವ ವರ್ಷದ ಶ್ರಾವಣ ಎಂದು ಆ ಹುಡುಗಿ ಕೇಳಲಿಲ್ಲ. ಇವನು ಹೇಳಲಿಲ್ಲ.)

ಆ ಕಡೆಯಿಂದ ತೀರ ಮೆತ್ತಗೆ, “ಅಯ್ಯೋ ಸರ್. ತುಂಬ ಒಳ್ಳೆಯವರು ಅಂತ ಎಲ್ಲರೂ ಹೇಳ್ತಿದ್ರು” ಎಂದಿತು ದನಿ.

ಕಚೇರಿಯವರು ಇಷ್ಟು ಮನುಷ್ಯರಂತೆ ಮಾತಾಡಿದ್ದು ಅದೇ ಮೊದಲು. ಕೊಟ್ರಪ್ಪ ಗೋಧಿಯ ಬುಟ್ಟಿ ಕೆಳಗಿಟ್ಟ. “ಒಳ್ಳೆಯಾಕಿ ಅಂದ್ರ ಅಂಥಿಂಥಾ ಒಳ್ಳೆಯಾಕಿನ, ತಂಗಿ? ಈ ಗಿರಣಿ ನಿಂತದ್ದ ಆಕಿಯಿಂದ.”

“ಧೈರ್ಯ ತಂದುಕೊಳ್ಳಿ ಸರ್. ನಾನು ಈಗಲೇ ಅವರ ಖಾತೆ ಮುಚ್ಚಿಬಿಡ್ತೀನಿ. ಇನ್ನು ನಿಮಗೆ ತೊಂದರೆ ಇರಲ್ಲ.”

“ಮುಚ್ಚವ್ವಾ, ಮುಚ್ಚು. ಪುಣ್ಯಾ ಬರ್ತೈತಿ ನಿನಗ.”

ಫೋನಿಟ್ಟು ಕಣ್ಣೊರೆಸಿಕೊಂಡ. ಕಣ್ಣಿನ ಸುತ್ತ ಹಿಟ್ಟು ಹಸಿಯಾಗಿ ಕಣಕವಾಯಿತು.

ಊಟಕ್ಕೆ ಕೂತಾಗ ಅವನ ಮನಸ್ಸು ಹಗುರಾಗಿತ್ತು. “ಇವತ್ತ ಒಂದು ಛಲೋ ಕೆಲಸ ಮುಗಿಸಿದೆ ನೋಡು. ಭಾಳ ದಿನದಿಂದ ಬಾಕಿ ಇತ್ತು” ಎಂದು ರೊಟ್ಟಿ ಮುರಿದ. ಶೈಲಜಾ ಏನೆಂದು ಕೇಳುವಷ್ಟರಲ್ಲಿ ಅವಳ ಫೋನ್ ಟಿಣ್ ಎಂದಿತು. ಮತ್ತೆ ಟಿಣ್. ಆಮೇಲೆ ಬಿಡದೆ ಟಿಣ್ ಟಿಣ್ ಎನ್ನತೊಡಗಿತು. ಅವಳು ಕೈಯ ಹಿಟ್ಟು ಒರೆಸಿಕೊಂಡು ಫೋನ್ ತೆಗೆದು ನೋಡಿದಳು. ನೋಡಿಯೇ ನೋಡಿದಳು.

“ಏನ್ರಿ,” ಅಂದಳು. “ನಾ ಯಾವಾಗ ಸತ್ತೆ?”

ಅವಳ ತರಗತಿಯ ಗುಂಪಿನಲ್ಲಿ ಅವಳದೇ ಫೋಟೋ ಇತ್ತು. ಅದಕ್ಕೊಂದು ಗುಲಾಬಿ ಹಾರ, ಎರಡೂ ಕಡೆ ಮಿಣುಕುವ ದೀಪ. (ಆ್ಯಪ್ ಕಲಿಯುವ ಹುಡುಗರು, ದೀಪದ ಕುಡಿ ನಿಜವಾಗಿ ಅಲ್ಲಾಡುತ್ತಿತ್ತು.) ಕೆಳಗೆ ಪುಟಗಟ್ಟಲೆ ‘ಓಂ ಶಾಂತಿ’.

ಕೊಟ್ರಪ್ಪ ತಾಟು ಸರಿಸಿ ಎದ್ದ. “ಯಾವನವ ಇಂಥಾ ಅಪಶಕುನ ಹಬ್ಬಿಸಿದಾವ? ಅವನ ಬಾಯಾಗ ಹುಳ ಬೀಳ್ಲಿ! ಅವನ ನಾಲಗಿ ಸೇದಿಹೋಗ್ಲಿ!”

“ಬೈಬ್ಯಾಡ್ರಿ, ತಡೀರಿ. ಇಲ್ಲಿ ಬರದಾರ. ‘ಅವರ ಕಾರ್ಯಕ್ಷೇತ್ರ ಮಾರ್ಗದರ್ಶಕರು ಅತೀವ ದುಃಖದಿಂದ ತಿಳಿಸಿದ ಪ್ರಕಾರ, ನಮ್ಮ ಸಹಪಾಠಿ ಕಳಕಮ್ಮನವರು...’”

ಅವಳು ಓದುವುದನ್ನು ನಿಲ್ಲಿಸಿ ಅವನ ಮುಖ ನೋಡಿದಳು. ಕೊಟ್ರಪ್ಪ ಬಾಯಿಯೊಳಗೇ ನಾಲಗೆಯನ್ನು ಒಮ್ಮೆ ಹೊರಳಿಸಿ ನೋಡಿಕೊಂಡ. ಇನ್ನೂ ಇತ್ತು. ಆ ನಾಲಗೆಯಿಂದ ಮೆಲ್ಲಗೆ ಕೇಳಿದ, “ನೀ... ಕಳಕಮ್ಮನಾ?”

“ಹುಟ್ಟಿದಾಗಿಂದ,” ಅಂದಳು ಶೈಲಜಾ.

ಅವಳು ಮೊದಲು ನಕ್ಕಳು. ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಗುಂಪಿನಲ್ಲಿ ‘ನಾನು ಜೀವಂತ ಇದ್ದೀನಿ’ ಎಂದು ಬರೆದಳು. ‘ಯಾರಪ್ಪಾ ಇದು, ಅಕ್ಕನ ಫೋನಿನಿಂದ ಇಂಥ ತಮಾಷೆ ಮಾಡೋದು?’ ಎಂದು ಒಬ್ಬ ಬೈದ. ಇನ್ನೊಬ್ಬಳು ‘ಅಣ್ಣಾ, ದುಃಖ ಅರ್ಥವಾಗುತ್ತದೆ, ಸಮಾಧಾನ ಮಾಡಿಕೊಳ್ಳಿ’ ಎಂದು ಸಂತೈಸಿದಳು. ವಿಶ್ವವಿದ್ಯಾಲಯಕ್ಕೆ ಫೋನ್ ಮಾಡಿದರೆ ಕಚೇರಿ ಮುಚ್ಚಿತ್ತು. ತನ್ನ ಖಾತೆ ತೆರೆಯಲು ನೋಡಿದಳು, ತೆರೆಯಲಿಲ್ಲ. ‘ಪಾಳಿ’ ಆ್ಯಪ್ ಇದ್ದದ್ದೂ ಅದೇ ಖಾತೆಯಲ್ಲಿ. ಅದನ್ನು ಒತ್ತಿದರೆ ಬರೀ ಬಿಳಿ ಪರದೆ. ನಾಳೆ ಬೆಳಿಗ್ಗೆ ಪರೀಕ್ಷೆ. ಆಗ ಅವಳ ನಗು ನಿಂತಿತು.

“ನಾ ಸತ್ರ ಸಾಯ್ಲ್ರಿ,” ಅಂದಳು. “ನನ್ನ ಆ್ಯಪ್ ಸಾಯಬಾರದಿತ್ತು.”

ಅಷ್ಟೇ. ಬಯ್ಯಲಿಲ್ಲ. ಅವನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದಳು, ಮೇಲೊಂದಿಷ್ಟು ಬೆಣ್ಣೆಯನ್ನೂ ಇಟ್ಟಳು. ಅವಳು ಬೈದಿದ್ದರೆ ಕೊಟ್ರಪ್ಪ ಎದುರು ಬೈದು ಬ್ಯಾಂಕಿನ, ಪಿಂಚಣಿಯ, ಇಡೀ ಲೋಕದ ತಪ್ಪು ಎಂದು ಸಾಧಿಸಬಹುದಿತ್ತು. ಬೆಣ್ಣೆಗೆ ಏನು ಉತ್ತರ ಕೊಡುವುದು? ಒಂದು ಸಲ ಅವಳ ಓದು ತನ್ನಿಂದ ನಿಂತಿತ್ತು, ಈಗ ಎರಡನೇ ಸಲವೂ ತನ್ನಿಂದಲೇ ನಿಲ್ಲುತ್ತದೆ ಎಂಬುದು ಹೊಳೆದು ಅವನಿಗೆ ತನ್ನ ಮೇಲೇ ಹೇಸಿಗೆಯಾಯಿತು.

ಮರುದಿನ ಬೆಳಿಗ್ಗೆ ಪ್ರಾಧ್ಯಾಪಕ ವಿರುಪಾಕ್ಷಿಯವರು ಕೊಪ್ಪಳದಿಂದ ಮೋಟರ್‌ಸೈಕಲ್ಲಿನಲ್ಲಿ ಬಂದಿಳಿದರು. ಬರುವುದು ಮೊದಲೇ ನಿಶ್ಚಯವಾಗಿತ್ತು. ಬಂದ ಉದ್ದೇಶ ಮಾತ್ರ ಬದಲಾಗಿತ್ತು. ಕೈಯಲ್ಲಿ ಸೇವಂತಿಗೆ ಹಾರ. ಕಟ್ಟೆಯ ತುಂಬ ಡಬ್ಬಿ ಹಿಡಿದ ಹೆಂಗಸರು ಮಾತಿಲ್ಲದೆ ಕೂತಿದ್ದರು (ಕರೆಂಟು ಹೋಗಿತ್ತು). ತಲೆಯಿಂದ ಕಾಲಿನವರೆಗೆ ಬೆಳ್ಳಗಿದ್ದ ಕೊಟ್ರಪ್ಪ ಮೂಲೆಯಲ್ಲಿ ತಲೆ ತಗ್ಗಿಸಿ ನಿಂತಿದ್ದ. ವಿರುಪಾಕ್ಷಿಯವರು ಅವನ ಎರಡೂ ಕೈ ಹಿಡಿದುಕೊಂಡರು.

“ಏನ್ ಹೇಳೂದ್ರಿ ಯಜಮಾನ್ರ. ಅಂಥಾ ವಿದ್ಯಾರ್ಥಿನಿ ನಮಗ ಮತ್ತ ಸಿಗೂದಿಲ್ಲ. ಫೋಟೋ ಎಲ್ಲಿಟ್ಟೀರಿ?”

“ಚಾ ತಗೋರಿ ಸರ್,” ಎಂದು ಆ ವಿದ್ಯಾರ್ಥಿನಿ ಬಾಗಿಲಲ್ಲಿ ಬಂದು ನಿಂತಳು.

ಹಾರ ಕೆಳಗೆ ಬಿತ್ತು. ವಿರುಪಾಕ್ಷಿಯವರು ಕೂತುಕೊಳ್ಳಲು ಜಾಗ ಹುಡುಕಿದರು. ಮಾರ್ಗದರ್ಶಕರ ಖುರ್ಚಿ ಆ ಹೊತ್ತಿಗೆ ಉಪಯೋಗಕ್ಕೆ ಬಂತು.

ಸಂಗತಿ ಎಲ್ಲ ತಿಳಿದು, ಎರಡು ಕಪ್ ಚಹಾ ಕುಡಿದ ಮೇಲೆ ಅವರು ಕಚೇರಿಗೆ ಫೋನ್ ಮಾಡಿದರು. ಮಾತಾಡಿ ಇಟ್ಟು ತಲೆ ಕೆರೆದುಕೊಂಡರು. “ನಾ ಕಣ್ಣಾರೆ ನೋಡಾಕತ್ತೀನಿ ಅಂದ್ರೂ ಕೇಳವಲ್ಲರು. ಸತ್ತಾರ ಅಂತ ಹೇಳಿದವ್ರು ಮಾರ್ಗದರ್ಶಕರು, ಬದುಕ್ಯಾರ ಅಂತಾನೂ ಅವ್ರ ಹೇಳಬೇಕಂತ. ವಿಡಿಯೋ ಕಳಸ್ರಿ ಅಂದಾರ. ವಿದ್ಯಾರ್ಥಿನಿ ಪಕ್ಕದಾಗ ನಿಂತು, ಹೆಸರ ಹಿಡದು, ಇಂಥಾಕಿ ನಮ್ಮಲ್ಲಿ ಹಾಜರ ಅದಾರ ಅಂತ ಹೇಳಬೇಕು. ಆಮ್ಯಾಲ ಖಾತೆ ತೆಗೀತಾರ.”

“ಅಷ್ಟ ಹೌದಲ್ರಿ?” ಎಂದು ಕೊಟ್ರಪ್ಪ ಉಸಿರು ಬಿಟ್ಟು, ತಲೆ ಬಾಚಿಕೊಂಡು, ಹೆಂಡತಿಯ ಪಕ್ಕ ನಿಂತ. ವಿರುಪಾಕ್ಷಿಯವರು ಫೋನ್ ಎತ್ತಿ ಹಿಡಿದರು.

“ನಾನು ಕೊಟ್ರಪ್ಪ. ಕಾರ್ಯಕ್ಷೇತ್ರ ಮಾರ್ಗದರ್ಶಕರು. ಈಕಿ...” ಅಂದ. ನಿಂತ. “ಈಕಿ... ಈಕಿ ನಮ್ಮ ಮನ್ಯಾಕಿ.”

ಕಟ್ಟೆಯ ಮೇಲೆ ಯಾರೋ ಕಿಸಕ್ಕೆಂದರು.

“ಹೆಸರ ಹೇಳ್ರಿ,” ಎಂದರು ವಿರುಪಾಕ್ಷಿ.

“ಈಕಿ... ಐಶ್ವರ್ಯನ ತಾಯಿ...”

ತಾಜಬೀ ಡಬ್ಬಿ ಕೆಳಗಿಟ್ಟು ಎದ್ದು ನಿಂತಳು. ಇಂಥ ಹೊತ್ತಿಗಾಗಿಯೇ ಅವಳು ಕಾದಿದ್ದಳು. “‘ನಮ್ಮ ಮನ್ಯಾಕಿ’ ಅಂತ ಊರಾಗ ಎಲ್ಲಾರ ಮನ್ಯಾಗೂ ಒಬ್ಬಾಕಿ ಇರ್ತಾಳ್ರಿ ಯಜಮಾನ್ರ! ಕಟ್ಕೊಂಡ ಹೆಂಡ್ತಿ ಹೆಸರ ಹೇಳಾಕ ಏನು ಧಾಡಿ ನಿಮಗ?”

ಇಡೀ ಕಟ್ಟೆ ಗೊಳ್ಳೆಂದಿತು. ಕೊಟ್ರಪ್ಪ ನಗಲಿಲ್ಲ. ಅವನ ಕಷ್ಟ ನಾಚಿಕೆಯದ್ದಲ್ಲ. ತಾಯಿಯನ್ನು ಮಣ್ಣು ಮಾಡಿದ ದಿನದಿಂದ ಆ ಹೆಸರು ಅವನ ಬಾಯಿಗೆ ಬಂದದ್ದೆಲ್ಲ ಸಾವು ಹೇಳುವುದಕ್ಕೇ. ಅದರ ಮುಂದೆ ‘ಇಲ್ಲ’ ಎಂದು ಹೇಳಿ ಹೇಳಿ ಬಾಯಿ ಸವೆದಿತ್ತು. ಅದೇ ಹೆಸರಿನ ಮುಂದೆ ‘ಇದ್ದಾಳೆ’ ಎಂದು ಸೇರಿಸಬೇಕಾದೀತೆಂದು ಅವನು ಅಂದುಕೊಂಡಿರಲೇ ಇಲ್ಲ.

ಶೈಲಜಾ ಅವನ ಕಡೆ ತಿರುಗದೆ, ಕ್ಯಾಮೆರಾ ಕಾಣದ ಹಾಗೆ ಸೆರಗಿನ ಮರೆಯಲ್ಲಿ ಅವನ ಕಿರುಬೆರಳು ಹಿಡಿದಳು. “ಹೇಳ್ರಿ,” ಎಂದು ಪಿಸುಗುಟ್ಟಿದಳು. “ಅತ್ತಿ ಏನೂ ಅನ್ನೂದಿಲ್ಲ.”

“ಕಳಕಮ್ಮ,” ಅಂದ ಕೊಟ್ರಪ್ಪ. “ಈಕಿ ಕಳಕಮ್ಮ. ಇಲ್ಲೇ ಅದಾಳ. ಎರಡು ವರ್ಷದಿಂದ ಒಂದು ದಿನ ತಪ್ಪಸದಂಗ ಹಾಜರ ಅದಾಳ. ತಪ್ಪಿದ್ದು ನಾ ಒತ್ತೂದು.” ಆಮೇಲೆ ಹೇಳಬೇಕಾಗಿಲ್ಲದಿದ್ದರೂ ಸೇರಿಸಿದ, “ಭಾಳ ಶಾಣ್ಯಾಕಿ ಅದಾಳ್ರಿ.”

ಕರಿಯವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ತಾಜಬೀ ಕೂತುಕೊಂಡಳು.

ವಿಡಿಯೋ ಹೋದ ಸ್ವಲ್ಪ ಹೊತ್ತಿಗೆ ಖಾತೆ ತೆರೆಯಿತು, ಕರೆಂಟೂ ಬಂತು. ಸತ್ತ ‘ಪಾಳಿ’ಗೆ ಜೀವ ಬಂತು. ಗಿರಣಿ ತಿರುಗಿತು, ಮೊದಲ ಡಬ್ಬಿ ತುಂಬಿತು, ಆ್ಯಪ್ ಸಾರಿತು: “ಕರಿಯವ್ವ ಅವರೇ, ನಿಮ್ಮ ಹಿಟ್ಟು ಸಿದ್ಧವಾಗಿದೆ.”

ಕೊಟ್ರಪ್ಪ ಹುಬ್ಬೇರಿಸಿದ. ಅವನಿಗೆ ಗೊತ್ತಿಲ್ಲದೆ ಆ್ಯಪಿನ ಪ್ರಶ್ನೆಯೇ ಬದಲಾಗಿತ್ತು. ಶೈಲಜಾ ವಿರುಪಾಕ್ಷಿಯವರಿಗೆ ವಿವರಿಸಿದಳು: “ಡಬ್ಬಿ ಹೊತ್ಕೊಂಡು ಬರೋರು ಹೆಂಗಸ್ರು ಸರ್. ಹೆಸರ ಗಂಡಸ್ರದ್ದು ಯಾಕ ಕೇಳಬೇಕು? ಅದಕ್ಕ ಈಗ ‘ತವರಮನ್ಯಾಗ ನಿಮ್ಮನ್ನ ಏನಂತ ಕರೀತಿದ್ರು?’ ಅಂತ ಕೇಳ್ತೈತಿ. ಎಲ್ಲಾರೂ ತಡಾ ಮಾಡದ ಹೇಳಿದ್ರು.”

ಕರಿಯವ್ವ ಮಾತ್ರ ಎದ್ದವಳು ಡಬ್ಬಿಯ ಹತ್ತಿರ ಹೋಗದೆ ನಿಂತೇ ಇದ್ದಳು. ಊರಿಗೆಲ್ಲ ಅವಳು ಹೇಮಪ್ಪನ ತಾಯಿ. ಅವಳ ಹೆಸರನ್ನು ಗಟ್ಟಿಯಾಗಿ, ಅದೂ ‘ಅವರೇ’ ಎಂದು ಸೇರಿಸಿ, ಯಾರೂ ಕೂಗಿರಲಿಲ್ಲ. “ಯವ್ವಾ ಸೈಲಿ, ಇನ್ನೊಮ್ಮೆ ಅನಸು ಅದರ ಕೈಲೆ,” ಅಂದಳು. ಶೈಲಜಾ ಇನ್ನೊಮ್ಮೆ ಅನ್ನಿಸಿದಳು.

ವಿರುಪಾಕ್ಷಿಯವರು ಅಂಕಗಳನ್ನು ಅಲ್ಲೇ ತುಂಬಿ, “ಇಡೀ ಕೇಂದ್ರಕ್ಕ ಮೊದಲ” ಎಂದರು. ಆಮೇಲೆ ನಗುತ್ತ ಇನ್ನೊಂದು ಸಂಗತಿ ಹೇಳಿದರು. ಕೊನೆಯಲ್ಲಿ ವಿದ್ಯಾರ್ಥಿನಿಯೂ ಮಾರ್ಗದರ್ಶಕರಿಗೆ ಅಂಕ ಕೊಡಬೇಕು. ಅಂಥದ್ದೊಂದು ಇದೆ ಎಂದು ಕೊಟ್ರಪ್ಪನಿಗೆ ಯಾರೂ ಹೇಳಿರಲಿಲ್ಲ. ಹೇಳಿದ್ದರೆ ಈ ಎರಡು ವರ್ಷ ಅವನು ಬೇರೆ ರೀತಿ ನಡೆದುಕೊಳ್ಳುತ್ತಿದ್ದ. ಶೈಲಜಾ ಅವನಿಗೆ ಪೂರ್ತಿ ಐದು ಚುಕ್ಕೆ ಕೊಟ್ಟು ಕೆಳಗೆ ಬರೆದಳು: ‘ಸ್ವಭಾವ ಒಳ್ಳೆಯದು. ಒಮ್ಮೆ ವಿದ್ಯಾರ್ಥಿನಿಯನ್ನು ಸಾಯಿಸಿದ್ದರು. ಆದರೆ ಮರುದಿನವೇ ಬದುಕಿಸಿದರು.’

ಎಲ್ಲರೂ ಹೋದ ಮೇಲೆ ಕೊಟ್ರಪ್ಪ ಕೇಳಿದ, “ಇನ್ನ ಮ್ಯಾಲ ಮನ್ಯಾಗ ನಿನ್ನ ಏನಂತ ಕರೀಲಿ?”

“ನನ್ನ ಹೆಸರ್ಲೆ ಕರೀರಿ. ಇವತ್ತ ಅಷ್ಟ ಮಂದಿ ಮುಂದ ಕರದ್ರಲ್ಲ, ಛಲೋ ಅನಸ್ತು.”

ಸಂಜೆ ಗಿರಣಿಗೆ ಬೀಗ ಹಾಕಿ ಅವನು ಮನೆಯ ಕಡೆ ಹೊರಟಾಗ ಎದೆ ತುಂಬಿತ್ತು. ಹೆಂಡತಿ ಪಾಸು. ತಾನು ಐದು ಚುಕ್ಕೆಯ ಮಾರ್ಗದರ್ಶಕರು. ಆ ಗತ್ತಿನಲ್ಲೇ ಒಂದು ಕಾಲು ಹೊಸ್ತಿಲೊಳಗೆ ಇಟ್ಟು, ಇಡೀ ಓಣಿಗೆ ಕೇಳುವ ಹಾಗೆ ಕೂಗಿದ:

“ಕಳಕಮ್ಮಾ! ಒಂದು ಕಪ್ ಚಾ ಮಾಡು!”

ಅಡುಗೆಮನೆಯಿಂದ ಉತ್ತರ ಬಂತು. ಬೇಕೆಂತಲೇ ಹಾಗಂದಳೋ, ಆ ಹೆಸರಿಗೆ ಓಗೊಟ್ಟವರ ಬಾಯಲ್ಲಿ ಆ ಮಾತು ತಾನಾಗಿಯೇ ಬರುತ್ತದೋ, ಅವಳನ್ನೇ ಕೇಳಬೇಕು.

“ಹಿಟ್ಟು ಝಾಡಿಸ್ಕೊಂಡು ಒಳಗ ಬಾ!”

ಒಳಗಿಟ್ಟ ಕಾಲು ತನ್ನಷ್ಟಕ್ಕೆ ತಾನೇ ಹೊರಗೆ ಬಂತು. ಕೊಟ್ರಪ್ಪ ಅಂಗಳಕ್ಕೆ ಹೋಗಿ ಅಂಗಿ ಝಾಡಿಸಿದ, ತಲೆ ಝಾಡಿಸಿದ, ಪಂಚೆಯ ಅಂಚು ಝಾಡಿಸಿದ.

“ಕಿವಿ ಹಿಂದ?” ಎಂದಿತು ಒಳಗಿನ ದನಿ.

“ಒರಸ್ಕೊಂಡೆ, ಯವ್ವಾ,” ಎಂದರು ಕಾರ್ಯಕ್ಷೇತ್ರ ಮಾರ್ಗದರ್ಶಕರು.